ಅಪ್‌ಡೇಟ್: ಹಿಸ್ಟಿಡಿನ್‌ಗಳ ನಡುವೆ ಕೂತಿದ್ದ ಲೋಹ ಸಿಕ್ಕಿತು

ಪ್ರಶ್ನೆ ನೆನಪಿಲ್ಲದವರಿಗೆ: ನನ್ನ ಪ್ರೋಟೀನ್ ಕ್ರಿಸ್ಟಲ್‌ನಲ್ಲಿ ಎರಡು ಹಿಸ್ಟಿಡಿನ್, ಒಂದು ಗ್ಲುಟಮೇಟ್ (ಇವು ಪ್ರೋಟೀನ್‌ನ ಅಮಿನೋ ಆಮ್ಲಗಳು) ನಡುವೆ ಮಾದರಿಯಲ್ಲಿ ನೀರು ಇಟ್ಟರೂ ಡಿಫರೆನ್ಸ್ ಮ್ಯಾಪ್‌ನಲ್ಲಿ (ಎಕ್ಸ್-ರೇ ಡೇಟಾಗೂ ನಮ್ಮ ಮಾದರಿಗೂ ಇರುವ ವ್ಯತ್ಯಾಸ ತೋರಿಸುವ ನಕ್ಷೆ) ದಪ್ಪ ಹಸಿರು ಉಂಡೆ, ಅಂದರೆ ಮಾದರಿಯಲ್ಲಿ ಲೆಕ್ಕಕ್ಕೆ ಸಿಗದ ಎಲೆಕ್ಟ್ರಾನ್‌ಗಳ ಗುರುತು, ಉಳಿಯುತ್ತಿತ್ತು. ಯಾವ ಲೋಹ ಅಂತ ಕೇಳಿದ್ದೆ.

ದೂರ ಅಳೆಯಿರಿ ಅಂದವರಿಗೆ ಥ್ಯಾಂಕ್ಸ್. ಉಂಡೆಯ ನಡುವಿನಿಂದ ಹಿಸ್ಟಿಡಿನ್ ನೈಟ್ರೋಜನ್‌ಗೆ 2.1 ಆಂಗ್‌ಸ್ಟ್ರಾಮ್ (ಪರಮಾಣುಗಳ ನಡುವಿನ ದೂರದ ಅಳತೆ) ಬಂತು. ನೀರಾಗಿದ್ದರೆ 2.8ರ ಆಸುಪಾಸು ಇರಬೇಕಿತ್ತು. ಮೆಗ್ನೀಸಿಯಂ, ಕ್ಯಾಲ್ಸಿಯಂಗೆ ಸುತ್ತ ಆಕ್ಸಿಜನ್‌ಗಳೇ ಬೇಕು, ಹಿಸ್ಟಿಡಿನ್ ಅಷ್ಟಾಗಿ ಹಿಡಿಸುವುದಿಲ್ಲ. ಉಳಿದದ್ದು ಸತು, ಇಲ್ಲವೇ ಹಿಸ್-ಟ್ಯಾಗ್ ಕಾಲಮ್‌ನಿಂದ (ಪ್ರೋಟೀನ್ ಶುದ್ಧ ಮಾಡಲು ಬಳಸುವ, ನಿಕ್ಕಲ್ ಇರುವ ಕೊಳವೆ) ನುಸುಳಿದ ನಿಕ್ಕಲ್, ಮತ್ತೆ ಬರೀ ದೂರ ನೋಡಿ ಇವೆರಡನ್ನು ಬೇರೆ ಮಾಡೋದು ಆಗದ ಮಾತು.

ಹಾಗಾಗಿ ಸಿಂಕ್ರೊಟ್ರಾನ್‌ನಲ್ಲಿ (ಎಕ್ಸ್-ರೇ ಶಕ್ತಿಯನ್ನು ಬೇಕಾದಂತೆ ಹೊಂದಿಸಬಹುದಾದ ಯಂತ್ರ) ಸತುವಿನ ಕೆ-ಎಡ್ಜ್‌ಗೆ (9.66 ಕೆಇವಿ; ಸತು ಥಟ್ಟನೆ ಹೆಚ್ಚು ಎಕ್ಸ್-ರೇ ಹೀರತೊಡಗುವ ಶಕ್ತಿ) ಸ್ವಲ್ಪ ಮೇಲೊಂದು, ಸ್ವಲ್ಪ ಕೆಳಗೊಂದು ಡೇಟಾ ತೆಗೆದೆವು. ಅನಾಮಲಸ್ ಮ್ಯಾಪ್‌ನಲ್ಲಿ (ಆ ಶಕ್ತಿಯ ಎಕ್ಸ್-ರೇಯನ್ನು ಜೋರಾಗಿ ಹೀರುವ ಪರಮಾಣು ಎಲ್ಲಿದೆ ಅಂತ ತೋರಿಸುವ ನಕ್ಷೆ) ಮೇಲಿನದರಲ್ಲಿ ಪೀಕ್ ಎದ್ದು ಕಾಣುತ್ತದೆ, ಕೆಳಗಿನದರಲ್ಲಿ ಹೆಚ್ಚುಕಡಿಮೆ ಮಾಯ. ನಿಕ್ಕಲ್‌ನ ಎಡ್ಜ್ 8.33ರಲ್ಲೇ ಇದೆ, ನಮ್ಮ ಎರಡೂ ಡೇಟಾ ಅದಕ್ಕಿಂತ ಮೇಲೆಯೇ, ಅದಾಗಿದ್ದರೆ ಎರಡರಲ್ಲೂ ಪೀಕ್ ಉಳಿಯಬೇಕಿತ್ತು ಅಲ್ವಾ? ಸತುವೇ.

ಸತು ಇಟ್ಟು ರಿಫೈನ್ ಮಾಡಿದ (ಮಾದರಿಯನ್ನು ಡೇಟಾಗೆ ಹೊಂದಿಸಿದ) ಮೇಲೆ ಹಸಿರು ಹೋಯಿತು, ಬಿ-ಫ್ಯಾಕ್ಟರ್ (ಪರಮಾಣು ಎಷ್ಟು ಅಲುಗಾಡುತ್ತದೆ ಅನ್ನುವ ಅಳತೆ) ಕೂಡ ಪಕ್ಕದ ಹಿಸ್ಟಿಡಿನ್‌ಗಳ ಹತ್ತಿರಕ್ಕೆ ಬಂತು. ಬಫರ್‌ಗೆ ನಾವು ಸತು ಹಾಕಿಯೇ ಇರಲಿಲ್ಲ, ಪ್ರೋಟೀನ್ ತಯಾರಿಸಲು ಇ. ಕೋಲಿ ಬ್ಯಾಕ್ಟೀರಿಯಾ ಬೆಳೆಸಿದ ಮೀಡಿಯಾದಿಂದಲೇ (ಪೋಷಕ ದ್ರವ) ಬಂದಿರಬೇಕು.