ಸಹಾಯ ಬೇಕು: ಕಾರಿನ ಮುಂದೆ ಎಡಗಡೆಯಿಂದ ಬಂದು ಹೋಗುವ ಶಬ್ದ

ಎಲ್ಲರಿಗೂ ನಮಸ್ಕಾರ. ನಮ್ಮದು 2014ರ ಡೀಸೆಲ್ ಕಾರು. ದಾವಣಗೆರೆಯಿಂದ ಚಿತ್ರದುರ್ಗದ ಕಡೆ 48ನೇ ಹೆದ್ದಾರಿಯಲ್ಲಿ ಹೋಗುವಾಗ, 60 ಕಿ.ಮೀ. ವೇಗ ದಾಟಿದರೆ ಮುಂದೆ ಎಡಗಡೆಯಿಂದ ಗುಂಯ್ ಎಂದು ಶಬ್ದ ಬರುತ್ತದೆ. ಕೆಲವು ದಿನ ಬರುವುದೇ ಇಲ್ಲ. ಗ್ಯಾರೇಜಿಗೆ ಒಯ್ದಾಗಂತೂ ಗಾಡಿ ಸುಮ್ನೆ ಇರುತ್ತದೆ!

ರಸ್ತೆ ಖಾಲಿ ಇದ್ದಾಗ ನ್ಯೂಟ್ರಲ್ ಮಾಡಿ ನೋಡಿದೆ, ಶಬ್ದ ನಿಲ್ಲಲಿಲ್ಲ. ಹಾಗಾಗಿ ಎಂಜಿನ್‌ದಲ್ಲ ಅನಿಸುತ್ತದೆ. ಬ್ರೇಕ್ ಒತ್ತಿದರೂ ವ್ಯತ್ಯಾಸ ಇಲ್ಲ. ಆದರೆ ಸ್ಟೀರಿಂಗ್ ಸ್ವಲ್ಪ ಬಲಕ್ಕೆ ತಿರುಗಿಸಿದರೆ ಜಾಸ್ತಿ ಆಗುತ್ತದೆ, ಎಡಕ್ಕೆ ತಿರುಗಿಸಿದರೆ ಕಡಿಮೆ. ಬಲಕ್ಕೆ ತಿರುಗಿದಾಗ ಭಾರವೆಲ್ಲ ಎಡ ಚಕ್ರದ ಮೇಲೆ ಬೀಳುತ್ತದೆ ಅಲ್ವಾ, ಅದಕ್ಕೇ ನನಗೆ ವೀಲ್ ಬೇರಿಂಗ್ (ಚಕ್ರ ಸರಾಗವಾಗಿ ತಿರುಗಲು ಒಳಗಿರುವ ಭಾಗ) ಮೇಲೆ ಅನುಮಾನ.

ಮೆಕ್ಯಾನಿಕ್ ಮಾತ್ರ ಟೈರ್ ಸವೆದಿದೆ, ಬದಲಾಯಿಸಿ ಎನ್ನುತ್ತಾರೆ. ಟೈರ್ ಶಬ್ದವಾದರೆ ಡಾಂಬರು, ಕಾಂಕ್ರೀಟ್ ಬದಲಾದಂತೆ ದನಿಯೂ ಬದಲಾಗಬೇಕಿತ್ತು. ಇದು ಎಲ್ಲ ಕಡೆ ಒಂದೇ ತರಹ. ಮುಂದಿನ ಟೈರ್ ಹಿಂದಕ್ಕೆ ಹಾಕಿ ನೋಡಿದರೆ ಖಚಿತವಾಗುತ್ತದೆಯೇ?

ಬೇರಿಂಗ್ ಕೆಟ್ಟಿದ್ದರೆ ಓಡಿಸುವುದು ಅಪಾಯ. ಅಮ್ಮನನ್ನು ಆಗಾಗ ಇದೇ ಗಾಡಿಯಲ್ಲಿ ದುರ್ಗಕ್ಕೆ ಕರೆದುಕೊಂಡು ಹೋಗಬೇಕು, ಹಾಗಾಗಿ ತುಂಬಾ ಚಿಂತೆಯಾಗಿದೆ. ದಾವಣಗೆರೆಯ ಪಿ.ಬಿ. ರಸ್ತೆ ಸುತ್ತಮುತ್ತ, ಜೊತೆಗೆ ಕೂತು ಒಂದು ರೌಂಡ್ ಬಂದು ಶಬ್ದ ಕೇಳುವ ತಾಳ್ಮೆ ಇರುವ ಮೆಕ್ಯಾನಿಕ್ ಗೊತ್ತಿದ್ದರೆ ದಯವಿಟ್ಟು ತಿಳಿಸಿ.