ಅಪ್‌ಡೇಟ್: ದಾವಣಗೆರೆಯ ಉಪ್ಪುನೀರಿನ ತೊಟ್ಟಿ

ಎರಡು ತಿಂಗಳ ಹಿಂದೆ ಕೇಳಿದ್ದೆ ಅಲ್ವಾ, ಕಡಿಮೆ ದುಡ್ಡಲ್ಲಿ ಸಮುದ್ರದ ಮೀನು ಸಾಕಬಹುದಾ, ಅಡುಗೆ ಉಪ್ಪು ನಡೆಯುತ್ತಾ ಅಂತ? ನಡೆಯಲ್ಲ ಅಂದಿರಿ. ಸರಿ ಅಂತ ಮರೈನ್ ಸಾಲ್ಟನ್ನೇ (ಸಮುದ್ರದ ಮೀನಿನ ತೊಟ್ಟಿಗೆಂದೇ ಮಾಡಿದ ಉಪ್ಪು) ತರಿಸಿದೆ. ತೊಟ್ಟಿ ಮಾತ್ರ ಸೆಕೆಂಡ್ ಹ್ಯಾಂಡ್, 100 ಲೀಟರಿನದು. ನಮ್ಮ ಬೋರ್‌ವೆಲ್ ನೀರು ಗಡಸು, ಬಕೆಟ್ ಅಂಚಲ್ಲೇ ಬಿಳಿ ಪಟ್ಟೆ ಕೂರುತ್ತೆ. ಹಾಗಾಗಿ ಆರ್‌ಒ ನೀರನ್ನು ಕ್ಯಾನಲ್ಲಿ ಹೊತ್ತು ತಂದೆ.

ಆಮೇಲೆ ಆರು ವಾರ ಮೀನೇ ಇಲ್ಲ! ಮೀನಿಗೆ ವಿಷವಾಗುವ ಅಮೋನಿಯ, ನೈಟ್ರೈಟನ್ನು ತಿನ್ನೋ ಬ್ಯಾಕ್ಟೀರಿಯಾ ಬೆಳೆದು, ಅವೆರಡೂ ಸೊನ್ನೆ ಆಗಬೇಕಲ್ಲ. ‘ಬರೀ ನೀರು ನೋಡ್ತಾ ಕೂತಿದ್ದೀಯಲ್ಲೋ’ ಅಂತ ಅಮ್ಮ ನಕ್ಕರು.

ಒಂದು ಎಡವಟ್ಟು ಮಾಡಿಕೊಂಡೆ. ಬಿಸಿಲಿಗೆ ಆವಿಯಾಗಿ ಹೋದ ನೀರಿನ ಜಾಗಕ್ಕೆ ಉಪ್ಪುನೀರನ್ನೇ ಸುರಿದೆ. ಉಪ್ಪಿನಂಶ ತೋರಿಸೋ ಸಾಪೇಕ್ಷ ಸಾಂದ್ರತೆ 1.025 ಇದ್ದದ್ದು 1.029ಕ್ಕೆ ಏರಿತು. ಉಪ್ಪು ಆವಿಯಾಗಲ್ಲ, ಸಿಹಿನೀರು ಹಾಕಬೇಕಿತ್ತು. ನೀರು ತಂಪಾಗಿಡೋಕೆ ಚಿಲ್ಲರ್ (ನೀರು ತಣಿಸುವ ಯಂತ್ರ) ಬದಲು ಸಣ್ಣ ಫ್ಯಾನ್ ಇಟ್ಟಿದ್ದೇನೆ.

ಮೊನ್ನೆ ಭಾನುವಾರ ಎರಡು ಕ್ಲೌನ್ ಮೀನು ಬಂದವು. ಒಂದು ಇನ್ನೂ ಪೈಪಿನ ಹಿಂದೆಯೇ ಅಡಗಿದೆ.