55,000 ರೂಪಾಯಿಯಲ್ಲಿ ಗೇಮಿಂಗ್ ಕಂಪ್ಯೂಟರ್: ಕೊಡಗಿನಲ್ಲಿ ಜೋಡಿಸಿಕೊಂಡವರ ಅನುಭವ ಬೇಕು

ಪ್ರಶ್ನೆ, ನಾಪೋಕ್ಲುವಿನಿಂದ

ಎಲ್ಲರಿಗೂ ನಮಸ್ಕಾರ. ನಾನು ಇಂಜಿನಿಯರಿಂಗ್ ಎರಡನೆಯ ವರ್ಷದಲ್ಲಿ ಓದುತ್ತಿದ್ದೇನೆ. ಎರಡು ವರ್ಷ ಕಾಫಿ ಕುಯ್ಲಿನ ಸಮಯದಲ್ಲಿ ತೋಟದ ತೂಕ ಮತ್ತು ಕೂಲಿಯ ಲೆಕ್ಕ ಬರೆದು ಕೂಡಿಟ್ಟ ಹಣಕ್ಕೆ ತಂದೆಯವರೂ ಸ್ವಲ್ಪ ಸೇರಿಸಿದ್ದರಿಂದ ಕೈಯಲ್ಲಿ ಒಟ್ಟು 55,000 ರೂಪಾಯಿ ಇದೆ. ಅಣ್ಣ ಬಿಟ್ಟುಹೋದ 22 ಇಂಚಿನ, 60 ಹರ್ಟ್ಸ್‌ನ ಫುಲ್ ಎಚ್‌ಡಿ ಮಾನಿಟರ್, ಕೀಬೋರ್ಡ್ ಮತ್ತು ಮೌಸ್ ಮನೆಯಲ್ಲಿಯೇ ಇವೆ. ನಾನು ಆಡುವುದು ವ್ಯಾಲರಂಟ್, ಕೌಂಟರ್ ಸ್ಟ್ರೈಕ್ 2 ಮತ್ತು ಜಿಟಿಎ 5. ಓದಿಗೆ ಆಟೊಕ್ಯಾಡ್ ಬೇಕು. ಒಂದು ಅಂಗಡಿಯವರು ಕೋರ್ ಐ7 ಪ್ರೊಸೆಸರ್, ಎಚ್61 ಮದರ್‌ಬೋರ್ಡ್, 16 ಜಿಬಿ ರ್‍ಯಾಮ್, 4 ಜಿಬಿಯ ಜಿಟಿ 730 ಗ್ರಾಫಿಕ್ಸ್ ಕಾರ್ಡ್, 500 ವಾಟ್ ಎಸ್‌ಎಂಪಿಎಸ್ (ಕಂಪ್ಯೂಟರ್‌ಗೆ ವಿದ್ಯುತ್ ಒದಗಿಸುವ ಪೆಟ್ಟಿಗೆ) ಮತ್ತು ಬಣ್ಣದ ದೀಪಗಳ ಕ್ಯಾಬಿನೆಟ್ ಸೇರಿ 38,000 ರೂಪಾಯಿ ಎಂದು ಕೊಟೇಶನ್ ಬರೆದುಕೊಟ್ಟಿದ್ದಾರೆ. ಹಣ ಉಳಿಯುತ್ತದೆಂಬ ಆಸೆಯೂ ಇದೆ, ಅನುಮಾನವೂ ಇದೆ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟು ದಿನಕ್ಕೆ ಹತ್ತು ಸಲ ಹೋಗಿ ಬರುತ್ತದೆ ಎಂಬುದನ್ನೂ ಗಮನಿಸಿ, ದಯವಿಟ್ಟು ಅನುಭವ ಇರುವ ಅಣ್ಣಂದಿರು, ಅಕ್ಕಂದಿರು ತಿಳಿಸಬೇಕು.

ಕುಶಾಲನಗರದಿಂದ

ನಾನು ಹತ್ತು ವರ್ಷಗಳಿಂದ ಕಂಪ್ಯೂಟರ್ ರಿಪೇರಿಯ ಕೆಲಸದಲ್ಲಿದ್ದೇನೆ. ನೀವು ಹಣ ಕೊಡುವ ಮೊದಲೇ ಕೇಳಿದ್ದು ಒಳ್ಳೆಯದಾಯಿತು, ಏಕೆಂದರೆ ಇಂಥದೇ ಕೊಟೇಶನ್ ನಂಬಿ ಕೊಂಡ ಮಕ್ಕಳು ಆರು ತಿಂಗಳೊಳಗೆ ಸಿಪಿಯು ಹೊತ್ತುಕೊಂಡು ನನ್ನಲ್ಲಿಗೆ ಬರುವುದನ್ನು ನೋಡಿ ಬಹಳ ಬೇಸರವಾಗಿದೆ.

ಐ7 ಎಂಬ ಹೆಸರಿಗೆ ಮರುಳಾಗಬೇಡಿ. ಆ ಚೀಟಿಯಲ್ಲಿ ತಲೆಮಾರು ಯಾವುದೆಂದು ಬರೆದಿಲ್ಲ, ಆದರೆ ಎಚ್61 ಎಂದು ಬರೆದಿರುವುದರಿಂದ ಗುಟ್ಟು ತಾನಾಗಿ ಹೊರಬಿದ್ದಿದೆ. ಆ ಬೋರ್ಡಿನಲ್ಲಿ ಕೂರುವುದು ಇಂಟೆಲ್‌ನ ಎರಡನೆಯ ಮತ್ತು ಮೂರನೆಯ ತಲೆಮಾರಿನ ಪ್ರೊಸೆಸರ್‌ಗಳು ಮಾತ್ರ, ಅಂದರೆ ನಿಮಗೆ ಸಿಗುವುದು ಸಾಮಾನ್ಯವಾಗಿ 2011ರ 2600 ಇಲ್ಲವೇ 2012ರ 3770. ಇವುಗಳಲ್ಲಿ ಎವಿಎಕ್ಸ್2 ಎಂಬ ಪ್ರೊಸೆಸರ್ ಸೂಚನೆಗಳ ಗುಂಪು ಇಲ್ಲದಿರುವುದರಿಂದ ಅದನ್ನು ಕೇಳುವ ಹೊಸ ಆಟಗಳು ತೆರೆದುಕೊಳ್ಳುವುದೇ ಇಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ವಿಂಡೋಸ್ 11 ಇಂಟೆಲ್‌ನಲ್ಲಿ ಎಂಟನೆಯ ತಲೆಮಾರಿನಿಂದ ಈಚಿನ ಪ್ರೊಸೆಸರ್‌ಗಳನ್ನು ಮಾತ್ರ ಅಧಿಕೃತವಾಗಿ ಒಪ್ಪುತ್ತದೆ. ಏನೋ ಉಪಾಯ ಮಾಡಿ ಅಂಗಡಿಯವರು ವಿಂಡೋಸ್ 11 ಹಾಕಿಕೊಟ್ಟರೂ, ಅದರಲ್ಲಿ ವ್ಯಾಲರಂಟ್ ನಡೆಯಲು ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಎಂಬ ಭದ್ರತಾ ವ್ಯವಸ್ಥೆಗಳು ಎರಡೂ ಇರಲೇಬೇಕಾದ್ದರಿಂದ, ನೀವು ಯಾವ ಆಟಕ್ಕಾಗಿ ಕೊಂಡಿರೋ ಅದೇ ಆಟ ಬಾಗಿಲಲ್ಲಿಯೇ ನಿಂತುಬಿಡುತ್ತದೆ.

ಕಾರ್ಡಿನ ವಿಷಯವೂ ಹಾಗೆಯೇ. 4 ಜಿಬಿ ಎಂಬುದು ಕಣಜ ಎಷ್ಟು ದೊಡ್ಡದು ಎಂಬ ಲೆಕ್ಕ ಅಷ್ಟೇ. ಬಾಗಿಲು ಕಿರಿದಾಗಿದ್ದರೆ ಎಷ್ಟು ದೊಡ್ಡ ಕಣಜದಿಂದಲೂ ಭತ್ತ ಬರುವುದು ಹಿಡಿಹಿಡಿಯಾಗಿಯೇ. ಜಿಟಿ 730 ಎಂಬುದು 2014ರ ಕಾರ್ಡು, ಅದರ 64 ಬಿಟ್ ಡಿಡಿಆರ್3 ಮಾದರಿ ಸೆಕೆಂಡಿಗೆ ಸುಮಾರು 14 ಜಿಬಿ ದತ್ತಾಂಶವನ್ನಷ್ಟೇ ಸಾಗಿಸಬಲ್ಲದು. 2021ರಲ್ಲಿ ಬಂದ ಆರ್‌ಎಕ್ಸ್ 6600 ಅದೇ ಒಂದು ಸೆಕೆಂಡಿನಲ್ಲಿ 224 ಜಿಬಿ ಸಾಗಿಸುತ್ತದೆ. ಜಿಟಿ 730 ಮಾನಿಟರ್‌ನಲ್ಲಿ ಚಿತ್ರ ಮೂಡಿಸಲು ಸಾಕು, ಆಟಕ್ಕೆ ಸಾಲದು.

ನಾನಾಗಿದ್ದರೆ ಹೀಗೆ ಹಂಚುತ್ತಿದ್ದೆ. ನಿಮ್ಮ ಹಣದಲ್ಲಿ ಮೂರರಲ್ಲೊಂದು ಪಾಲಿಗಿಂತ ತುಸು ಹೆಚ್ಚನ್ನು ಗ್ರಾಫಿಕ್ಸ್ ಕಾರ್ಡಿಗೆ ಮೊದಲೇ ಎತ್ತಿಡಿ. ಮಾನಿಟರ್ 60 ಹರ್ಟ್ಸ್‌ನದಾದ್ದರಿಂದ ಸೆಕೆಂಡಿಗೆ 60 ಚಿತ್ರಗಳಿಗಿಂತ ಹೆಚ್ಚು ಅದು ತೋರಿಸುವುದಿಲ್ಲ, ಹಾಗಾಗಿ 8 ಜಿಬಿಯ ಆರ್‌ಎಕ್ಸ್ 6600 ಅಥವಾ ಅದರ ಸಮದ ಕಾರ್ಡು ಸಾಕಷ್ಟಾಯಿತು. ಪ್ರೊಸೆಸರ್‌ಗೆ ಆರು ಕೋರ್‌ಗಳ ರೈಜನ್ 5 5600 ಅಥವಾ ಇಂಟೆಲ್‌ನ ಐ5 12400ಎಫ್ ನೋಡಿ. ವ್ಯಾಲರಂಟ್ ಮತ್ತು ಕೌಂಟರ್ ಸ್ಟ್ರೈಕ್‌ಗಳು ಕಾರ್ಡಿಗಿಂತ ಪ್ರೊಸೆಸರ್ ಮೇಲೆ ಹೆಚ್ಚು ಭಾರ ಹಾಕುವ ಆಟಗಳು, ಆಟೊಕ್ಯಾಡ್ ಬಹುಮಟ್ಟಿಗೆ ಒಂದೊಂದು ಕೋರ್‌ನ ವೇಗವನ್ನೇ ನಂಬಿದೆ, ಆದ್ದರಿಂದ ಇಲ್ಲಿ ಹಾಕಿದ ಹಣ ಎರಡೂ ಕಡೆ ದುಡಿಯುತ್ತದೆ. ಹೆಸರಿನ ಕೊನೆಯಲ್ಲಿ ಎಫ್ ಇರುವ ಇಂಟೆಲ್ ಪ್ರೊಸೆಸರ್‌ಗಳಲ್ಲಿ ಒಳಗಿನ ಗ್ರಾಫಿಕ್ಸ್ ಇರುವುದಿಲ್ಲ, ರೈಜನ್ 5600ರಲ್ಲಿಯೂ ಇಲ್ಲ. ಕಾರ್ಡು ಕೆಟ್ಟ ದಿನ ಮಾನಿಟರ್ ಕಪ್ಪಾಗಿಯೇ ಇರುತ್ತದೆ ಎಂಬುದು ನೆನಪಿರಲಿ. ರೈಜನ್ ತಯಾರಿಸುವ ಎಎಂಡಿಯ ಹೊಸ ಎಎಂ5 ಬೋರ್ಡುಗಳು ಮುಂದಿನ ವರ್ಷಗಳ ದೃಷ್ಟಿಯಿಂದ ಒಳ್ಳೆಯವೇ, ಆದರೆ ಅವು ಡಿಡಿಆರ್5 ರ್‍ಯಾಮನ್ನಷ್ಟೇ ಒಪ್ಪುತ್ತವೆ. 2025ರ ಕೊನೆಯ ತಿಂಗಳುಗಳಿಂದ ಎಐ ದತ್ತಾಂಶ ಕೇಂದ್ರಗಳ ಬೇಡಿಕೆಯಿಂದಾಗಿ ರ್‍ಯಾಮ್ ಬೆಲೆ ಏರಿರುವ ಸಂದರ್ಭದಲ್ಲಿ ನಿಮ್ಮ ಬಜೆಟ್ಟಿಗೆ ಆ ದಾರಿಯನ್ನು ನಾನು ಹೇಳಲಾರೆ.

ರ್‍ಯಾಮ್ 16 ಜಿಬಿ ಬೇಕು. ಅದನ್ನು ಒಂದೇ ಕಡ್ಡಿಯಾಗಿ ಕೊಳ್ಳದೆ 8 ಜಿಬಿಯ ಎರಡು ಕಡ್ಡಿಗಳಾಗಿ ಕೊಂಡರೆ ಎರಡು ದಾರಿಗಳಲ್ಲಿ ದತ್ತಾಂಶ ಓಡಾಡುತ್ತದೆ. ಜೋಡಿಸಿದ ದಿನವೇ ಬಯೋಸ್‌ಗೆ (ಬೋರ್ಡಿನ ಮೂಲ ಸೆಟ್ಟಿಂಗ್‌ಗಳಿಗೆ) ಹೋಗಿ ಎಕ್ಸ್‌ಎಂಪಿ ಎಂಬ ರ್‍ಯಾಮ್ ವೇಗದ ಸೆಟ್ಟಿಂಗ್ ಆನ್ ಮಾಡಿಸಿ, ಇಲ್ಲದಿದ್ದರೆ 3200ರ ರ್‍ಯಾಮ್ ತನ್ನ ವೇಗಕ್ಕಿಂತ ಬಹಳ ಕೆಳಗೇ ಓಡುತ್ತಿರುತ್ತದೆ. ಈ ಒಂದು ಗುಂಡಿ ಒತ್ತದೆ ಎರಡು ವರ್ಷ ಆಡಿದವರನ್ನು ನಾನು ಕಂಡಿದ್ದೇನೆ.

ಬೋರ್ಡಿನಲ್ಲಿ ಉಳಿಸಬಹುದು. ರೈಜನ್‌ಗೆ ಹೊಂದುವ ಎ520 ಬೋರ್ಡು ಪಿಸಿಐಇ (ಕಾರ್ಡಿಗೂ ಪ್ರೊಸೆಸರ್‌ಗೂ ನಡುವಿನ ದಾರಿ) 3.0 ವೇಗದ್ದು, ಬಿ550 4.0 ವೇಗದ್ದು. ಆರ್‌ಎಕ್ಸ್ 6600 ಆ ದಾರಿಯ ಎಂಟು ಲೇನ್‌ಗಳನ್ನು ಬಳಸುವುದರಿಂದ ಎ520ಯಲ್ಲಿ ಆಗುವ ನಷ್ಟ ಅಲ್ಪ. ಆದರೆ ಬೆಲೆ ಕಡಿಮೆಯೆಂದು ಆರ್‌ಎಕ್ಸ್ 6500 ಎಕ್ಸ್‌ಟಿ ತೆಗೆದುಕೊಂಡರೆ ಅದಕ್ಕಿರುವುದು ನಾಲ್ಕೇ ಲೇನ್, ನಾಲ್ಕೇ ಜಿಬಿ, 3.0 ಬೋರ್ಡಿನಲ್ಲಿ ಅದು ಎದ್ದುಕಾಣುವಷ್ಟು ಸೊರಗುತ್ತದೆ. ಫೈಲುಗಳನ್ನು ಇಡಲು 500 ಜಿಬಿಯ ಎನ್‌ವಿಎಂಇ ಎಸ್‌ಎಸ್‌ಡಿ ಸದ್ಯಕ್ಕೆ ಸಾಕು. ಕ್ಯಾಬಿನೆಟ್‌ಗೆ ಮುಂದೆ ಜಾಲರಿ ಇದ್ದರೆ ಆಯಿತು, ದೀಪಗಳು ಬೇಡ.

ಎಸ್‌ಎಂಪಿಎಸ್‌ನಲ್ಲಿ ಮಾತ್ರ ದಯವಿಟ್ಟು ಚೌಕಾಶಿ ಮಾಡಬೇಡಿ. ಚೀಟಿಯಲ್ಲಿ 500 ವಾಟ್ ಎಂದಿದೆ, ಕಂಪನಿಯ ಹೆಸರಿಲ್ಲ. ದಕ್ಷತೆಗೆ ಕೊಡುವ 80 ಪ್ಲಸ್ ಬ್ರಾಂಜ್ ಮುದ್ರೆಯಿರುವ, ಹೆಸರಾಂತ ಕಂಪನಿಯ 450 ಅಥವಾ 550 ವಾಟ್‌ನದು ಈ ಜೋಡಣೆಗೆ ಧಾರಾಳ. ಹೆಸರಿಲ್ಲದ ಎಸ್‌ಎಂಪಿಎಸ್ ಸುಡುವಾಗ ಒಂಟಿಯಾಗಿ ಸುಡುವುದಿಲ್ಲ, ಬೋರ್ಡನ್ನೂ ಕಾರ್ಡನ್ನೂ ಜೊತೆಗೆ ಕರೆದೊಯ್ಯುತ್ತದೆ.

ಸೋಮವಾರಪೇಟೆಯಿಂದ

ಮೇಲಿನವರು ಬಿಡಿಭಾಗಗಳ ಬಗ್ಗೆ ಹೇಳಿದ್ದನ್ನು ಪೂರ್ತಿಯಾಗಿ ಒಪ್ಪುತ್ತೇನೆ. ನಾನು ಹೇಳಬೇಕಾದದ್ದು ಗೋಡೆಯ ಬಗ್ಗೆ, ಅಂದರೆ ಕಂಪ್ಯೂಟರ್ ಚುಚ್ಚುವ ಸಾಕೆಟ್ಟಿನ ಬಗ್ಗೆ. ಎಷ್ಟೇ ಒಳ್ಳೆಯ ಎಸ್‌ಎಂಪಿಎಸ್ ತಂದರೂ ಮನೆಯ ಅರ್ತಿಂಗ್ ಸರಿಯಿಲ್ಲದಿದ್ದರೆ ಪ್ರಯೋಜನವಿಲ್ಲ.

ಮೂರು ವರ್ಷಗಳ ಹಿಂದೆ ಮಗನಿಗೆ ಕಂಪ್ಯೂಟರ್ ತಂದಾಗ, ಬರಿಗಾಲಿನಲ್ಲಿ ನಿಂತು ಕ್ಯಾಬಿನೆಟ್ಟಿನ ತಿರುಪು ಮುಟ್ಟಿದರೆ ಬೆರಳ ತುದಿಯಲ್ಲಿ ಇರುವೆ ಹರಿದಂತೆ ಜುಮ್ಮೆನ್ನುತ್ತಿತ್ತು. ಟೆಸ್ಟರ್ ಇಟ್ಟರೆ ಮಂದವಾಗಿ ಉರಿಯುತ್ತಿತ್ತು. ಯಂತ್ರವೇ ಕೆಟ್ಟಿದೆಯೆಂದು ಭಾವಿಸಿ ಮೈಸೂರಿನವರೆಗೆ ಹೊತ್ತುಕೊಂಡು ಹೋದೆವು, ಅಲ್ಲಿ ಎಲ್ಲವೂ ಸರಿಯಿತ್ತು. ನಂತರ ತಿಳಿಯಿತು: ಎಸ್‌ಎಂಪಿಎಸ್ ಒಳಗಿನ ಸೋಸುವ ಕೆಪಾಸಿಟರ್‌ಗಳು ಅತಿ ಸಣ್ಣ ಪ್ರಮಾಣದ ವಿದ್ಯುತ್ತನ್ನು ಕ್ಯಾಬಿನೆಟ್ಟಿನ ಲೋಹಕ್ಕೆ ಬಿಡುತ್ತವೆ, ಅದು ಅರ್ತ್ ತಂತಿಯ ಮೂಲಕ ನೆಲಕ್ಕೆ ಇಳಿದುಹೋಗಬೇಕು. ಅರ್ತ್ ಇಲ್ಲದಿದ್ದರೆ ಲೋಹದ ಮೈಯಲ್ಲಿ ಮನೆಯ 230 ವೋಲ್ಟ್‌ನ ಅರ್ಧದಷ್ಟು ನಿಂತಿರುತ್ತದೆ. ನಮ್ಮ ಸಾಕೆಟ್ಟಿನಲ್ಲಿ ಮೂರನೆಯ ತೂತು ಇತ್ತು, ಅದರ ಹಿಂದೆ ತಂತಿಯೇ ಇರಲಿಲ್ಲ. ಹಳೆಯ ಲೈನ್‌ಮನೆಗಳಲ್ಲಿ (ತೋಟದ ಕೆಲಸಗಾರರ ಸಾಲುಮನೆಗಳಲ್ಲಿ), ತೋಟದ ಮನೆಗಳಲ್ಲಿ ಇದು ಅಪರೂಪವಲ್ಲ. ತಿಳಿದ ಎಲೆಕ್ಟ್ರಿಷಿಯನ್ನರಿಂದ ಮಲ್ಟಿಮೀಟರ್ ಇಟ್ಟು ನೋಡಿಸಿ: ಫೇಸ್ ಮತ್ತು ಅರ್ತ್ ನಡುವೆ, ಫೇಸ್ ಮತ್ತು ನ್ಯೂಟ್ರಲ್ ನಡುವಿನಷ್ಟೇ ಹೆಚ್ಚುಕಡಿಮೆ ತೋರಿಸಬೇಕು, ನ್ಯೂಟ್ರಲ್ ಮತ್ತು ಅರ್ತ್ ನಡುವೆ ಕೆಲವೇ ವೋಲ್ಟ್ ಇರಬೇಕು. ಒಂದು ಎಚ್ಚರಿಕೆಯ ಮಾತು. ನಮ್ಮಲ್ಲಿ ಕಕ್ಕಡದ (ಜುಲೈ, ಆಗಸ್ಟ್ ಹೊತ್ತಿನ) ಮಳೆಯಲ್ಲಿ ನೆಲ ನೆನೆದಿರುವಾಗ ಅರ್ತಿಂಗ್ ಚೆನ್ನಾಗಿಯೇ ಕಾಣುತ್ತದೆ. ಮಾರ್ಚ್ ಏಪ್ರಿಲ್‌ನಲ್ಲಿ ಮಣ್ಣು ಒಣಗಿದಾಗ ನೆಲದಲ್ಲಿ ತೋಡಿದ ಅದೇ ಅರ್ತಿಂಗ್ ಗುಂಡಿ ಕೈಕೊಡುತ್ತದೆ. ಬೇಸಿಗೆಯಲ್ಲಿ ಅದಕ್ಕೆ ಆಗಾಗ ಎರಡು ಕೊಡ ನೀರು ಹಾಕಿಸಿ.

ಯುಪಿಎಸ್ ಬಗ್ಗೆ ಹೇಳುವುದಾದರೆ, ಡಬ್ಬಿಯ ಮೇಲಿನ ವಿಎ ಬೇರೆ, ವಾಟ್ ಬೇರೆ. ಸಾಮಾನ್ಯವಾದ 600 ವಿಎ ಯುಪಿಎಸ್ ಕೊಡುವುದು ಸುಮಾರು 360 ವಾಟ್. ಆರ್‌ಎಕ್ಸ್ 6600ಕ್ಕೆ 132, ಪ್ರೊಸೆಸರ್‌ಗೆ 76, ಬೋರ್ಡು, ಫ್ಯಾನು, ಮಾನಿಟರ್ ಸೇರಿ ಇನ್ನೊಂದು 70 ಅಥವಾ 80 ಎಂದು ಕೂಡಿದರೆ ಸುಮಾರು 280 ವಾಟ್ ಆಗುತ್ತದೆ. ಆಟದ ನಡುವೆ ಕರೆಂಟು ಹೋದಾಗ 600 ವಿಎಯದು ಏದುಸಿರು ಬಿಡುತ್ತದೆ, ಬ್ಯಾಟರಿ ಹಳೆಯದಾದ ಮೇಲೆ ತಟ್ಟನೆ ಆರಿಯೇ ಹೋಗುತ್ತದೆ. 1000 ವಿಎ ಆಸುಪಾಸಿನದನ್ನು ತೆಗೆದುಕೊಳ್ಳಿ. ಅದು ಕಂಪ್ಯೂಟರನ್ನು ಕ್ರಮವಾಗಿ ಮುಚ್ಚಲು ಕೆಲವು ನಿಮಿಷ ಕೊಡುತ್ತದೆಯೇ ಹೊರತು ಆಟ ಮುಗಿಸಲು ಅಲ್ಲ. ಮನೆಯಲ್ಲಿ ಸೈನ್ ವೇವ್ ಇನ್ವರ್ಟರ್ ಇದ್ದರೆ ಅದರ ಹಿಂದಿನ ಗುಂಡಿಯನ್ನು ಯುಪಿಎಸ್ ಎಂಬ ಕಡೆಗೆ ಹಾಕಿ ನೋಡಿ, ಕರೆಂಟು ಬದಲಾಗುವ ಕ್ಷಣದಲ್ಲಿ ಕಂಪ್ಯೂಟರ್ ರೀಸ್ಟಾರ್ಟ್ ಆಗದಿದ್ದರೆ ಬೇರೆ ಯುಪಿಎಸ್ ಖರ್ಚು ಸದ್ಯಕ್ಕೆ ಉಳಿಯಬಹುದು. ಗುಡುಗು ಶುರುವಾದರೆ ಮಾತ್ರ ಯಾವ ಯುಪಿಎಸ್ಸನ್ನೂ ನಂಬದೆ ಪ್ಲಗ್ ಕಿತ್ತಿಡಿ, ಇಂಟರ್ನೆಟ್ಟಿನ ತಂತಿಯನ್ನೂ ಕಿತ್ತಿಡಿ.

ತೇವದ ಬಗ್ಗೆಯೂ ಒಂದು ಮಾತು. ಒಂದು ಆಗಸ್ಟ್‌ನಲ್ಲಿ ಹತ್ತು ದಿನ ಊರಲ್ಲಿಲ್ಲದೆ ಮರಳಿ ಬಂದಾಗ ಫ್ಯಾನ್ ತಿರುಗುತ್ತಿತ್ತು, ಮಾನಿಟರ್‌ನಲ್ಲಿ ಏನೂ ಬರಲಿಲ್ಲ. ರ್‍ಯಾಮ್ ತೆಗೆದು ನೋಡಿದರೆ ಚಿನ್ನದ ಬಣ್ಣದ ಪಟ್ಟಿಗಳು ಮಾಸಿ ಕಂದಾಗಿದ್ದವು. ಮಗನ ಪೆನ್ಸಿಲ್ ಡಬ್ಬಿಯ ಬಿಳಿ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಊದಿ, ಮತ್ತೆ ಕೂರಿಸಿದ ಮೇಲೆ ಸರಿಹೋಯಿತು. ಮಳೆಗಾಲದಲ್ಲಿ ದಿನಕ್ಕೆ ಒಂದು ಗಂಟೆಯಾದರೂ ಚಾಲೂ ಇಡಿ, ನೀರು ಜಿನುಗುವ ಹೊರಗೋಡೆಗೆ ಒರಗಿಸಬೇಡಿ, ಹಿಂಬದಿಯ ಖಾಲಿ ಸ್ಲಾಟುಗಳಿಗೆ ಪಟ್ಟಿ ಮುಚ್ಚಿಸಿ. ಬೆಚ್ಚಗಿನ ಜಾಗ ಹುಡುಕುವ ಹಲ್ಲಿಗೆ ಅಷ್ಟು ಸಂದಿ ಸಾಕು.

ಪೊನ್ನಂಪೇಟೆಯಿಂದ

ನಾನೂ ವಿದ್ಯಾರ್ಥಿನಿ. ನನ್ನ ಬಳಿ 55,000 ಇರಲಿಲ್ಲವಾದ್ದರಿಂದ ಎರಡು ಹಂತದಲ್ಲಿ ಕೊಂಡೆ. ಮೊದಲು ಒಳಗೇ ಗ್ರಾಫಿಕ್ಸ್ ಇರುವ ರೈಜನ್ 5 5600ಜಿ ಹಾಕಿಸಿ, ಕಾರ್ಡಿಲ್ಲದೆ ಒಂದು ವರ್ಷ ವ್ಯಾಲರಂಟ್ ಆಡಿದೆ, ಅದು ಸರಾಗವಾಗಿಯೇ ನಡೆಯಿತು. ಜಿಟಿಎ 5ರಲ್ಲಿ ಚಿತ್ರದ ಗುಣಮಟ್ಟವನ್ನು ಇಳಿಸಬೇಕಾಯಿತು. ಮರುವರ್ಷ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆಯಾದ ಎಸ್.ಪಿ. ರೋಡಿಗೆ ಹೋಗಿ ಬಳಸಿದ ಕಾರ್ಡು ತಂದೆ. ಮೊದಲ ಅಂಗಡಿಯವರು ಬಿಲ್ ಇಲ್ಲ, ಇಲ್ಲಿ ಚಾಲೂ ಮಾಡಿ ತೋರಿಸಲು ಸಮಯವೂ ಇಲ್ಲ ಎಂದಾಗ ಅಲ್ಲಿಂದ ಹೊರಟುಬಿಟ್ಟೆ. ಎರಡನೆಯವರು ಕಾರ್ಡಿಗೆ ಪೂರ್ತಿ ಭಾರ ಹಾಕಿ ಪರೀಕ್ಷಿಸುವ ಫರ್‌ಮಾರ್ಕ್ ಎಂಬ ಸಾಫ್ಟ್‌ವೇರನ್ನು ಅರ್ಧ ಗಂಟೆ ಓಡಿಸಿ ಬಿಸಿ ಎಷ್ಟು ಏರುತ್ತದೆಂದು ತೋರಿಸಿದರು, ಸೀರಿಯಲ್ ನಂಬರ್ ಇರುವ ಹಳೆಯ ಬಿಲ್ ಕೊಟ್ಟರು, ವಾರಂಟಿ ಇನ್ನೂ ಎಂಟು ತಿಂಗಳಿತ್ತು. 2022ರ ಸೆಪ್ಟೆಂಬರ್‌ನಲ್ಲಿ ಇಥೀರಿಯಂ ಎಂಬ ಡಿಜಿಟಲ್ ನಾಣ್ಯವನ್ನು ಕಾರ್ಡುಗಳಿಂದ ಗಳಿಸುವ ಗಣಿಗಾರಿಕೆ ನಿಂತ ಮೇಲೆ ಹಗಲಿರುಳು ದುಡಿದ ಕಾರ್ಡುಗಳು ಮಾರುಕಟ್ಟೆಗೆ ಬಂದಿರುವುದರಿಂದ ಇಷ್ಟು ಪರೀಕ್ಷೆ ಬೇಕೇ ಬೇಕು.

ಬಳಸಿದ ಕಚೇರಿ ಕಂಪ್ಯೂಟರ್ ಕೊಂಡು ಅದಕ್ಕೆ ಕಾರ್ಡು ಹಾಕುವ ಸಲಹೆಯೂ ನಿಮಗೆ ಬರಬಹುದು. ನನ್ನ ಗೆಳತಿ ಹಾಗೆ ಮಾಡಿದಳು. ಅದರ ಎಸ್‌ಎಂಪಿಎಸ್ ಕನೆಕ್ಟರ್ ಆ ಕಂಪನಿಯದೇ ವಿಶೇಷ ಆಕಾರದ್ದಾಗಿತ್ತು, ಬೇರೆಯದು ಕೂರಲಿಲ್ಲ, ಕ್ಯಾಬಿನೆಟ್ ಕಿರಿದಾದ್ದರಿಂದ ಗಿಡ್ಡ ಕಾರ್ಡೇ ಬೇಕಾಯಿತು.

ಕುಶಾಲನಗರದಿಂದ, ಮತ್ತೊಮ್ಮೆ

ತಂಗಿ ಹೇಳಿದ 5600ಜಿ ಬಗ್ಗೆ ಒಂದು ತಿದ್ದುಪಡಿ. ಹಂತ ಹಂತವಾಗಿ ಕೊಳ್ಳುವವರಿಗೆ ಅದು ನಿಜವಾಗಿಯೂ ಒಳ್ಳೆಯ ದಾರಿ. ಆದರೆ ಅದರ ಎಲ್3 ಕ್ಯಾಶ್ (ಪ್ರೊಸೆಸರ್ ಒಳಗಿನ ವೇಗದ ನೆನಪು) 16 ಎಂಬಿ, 5600ರದು 32 ಎಂಬಿ, ಮತ್ತು ಎಂಥ ಬೋರ್ಡು ಹಾಕಿದರೂ 5600ಜಿ ಕಾರ್ಡಿನೊಡನೆ ಪಿಸಿಐಇ 3.0 ವೇಗದಲ್ಲಿಯೇ ಮಾತನಾಡುತ್ತದೆ. ಕಾರ್ಡನ್ನು ಈಗಲೇ ಕೊಳ್ಳುವಷ್ಟು ಹಣ ಇರುವ ನಾಪೋಕ್ಲುವಿನ ತಮ್ಮನಿಗೆ 5600 ಸಾಕು. ಅರ್ತಿಂಗ್ ಬಗ್ಗೆ ಸೋಮವಾರಪೇಟೆಯವರು ಬರೆದದ್ದನ್ನು ನಾನು ಮೊದಲೇ ಬರೆಯಬೇಕಿತ್ತು.

ನಾಪೋಕ್ಲುವಿನಿಂದ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ನಿನ್ನೆ ಎಲೆಕ್ಟ್ರಿಷಿಯನ್ ಅಣ್ಣ ಬಂದು ನನ್ನ ಕೋಣೆಯ ಸಾಕೆಟ್ ಬಿಚ್ಚಿ ನೋಡಿದರು. ಫೇಸ್ ಮತ್ತು ನ್ಯೂಟ್ರಲ್ ನಡುವೆ 218 ಇತ್ತು, ಫೇಸ್ ಮತ್ತು ಅರ್ತ್ ನಡುವೆ ಬರೇ 70 ಸುತ್ತಮುತ್ತ ಅಲುಗಾಡುತ್ತಿತ್ತು. ಹಸಿರು ತಂತಿ ಗೋಡೆಯ ಒಳಗೇ ತುಂಡಾಗಿತ್ತು. ಭಾನುವಾರ ಹೊಸ ತಂತಿ ಎಳೆದು, ಹಿತ್ತಲಲ್ಲಿ ಗುಂಡಿ ತೋಡಿ ಉಪ್ಪು, ಇದ್ದಿಲು ಹಾಕಿ ಅರ್ತಿಂಗ್ ಮಾಡಿಕೊಡುತ್ತಾರೆ. ಆ ಖರ್ಚನ್ನು ಸರಿದೂಗಿಸಲು ಬಿ550 ಬದಲು ಎ520 ಬೋರ್ಡು ಎಂದು ತೀರ್ಮಾನಿಸಿದ್ದೇನೆ, ಕಾರ್ಡು ಮತ್ತು ಎಸ್‌ಎಂಪಿಎಸ್‌ನಲ್ಲಿ ಏನನ್ನೂ ಇಳಿಸಿಲ್ಲ. ಮನೆಯ ಇನ್ವರ್ಟರ್ ಸೈನ್ ವೇವ್‌ನದೇ, ಹಿಂದಿನ ಗುಂಡಿ ಇಷ್ಟು ವರ್ಷವೂ ಇನ್ನೊಂದು ಕಡೆಗಿತ್ತು. ಹಳೆಯ ಕೊಟೇಶನ್‌ನ ಅಂಗಡಿಗೆ ಫೋನ್ ಮಾಡಿ ಬೇಡವೆಂದು ಹೇಳಿದ್ದೇನೆ. ಮುಂದಿನ ವಾರ ತಂದೆಯವರು ಕೆಲಸದ ಮೇಲೆ ಮೈಸೂರಿಗೆ ಹೋಗುವಾಗ ಜೊತೆಗೆ ಹೋಗಿ, ಎಲ್ಲಕ್ಕೂ ಸೀರಿಯಲ್ ನಂಬರ್ ಬರೆಸಿದ ಬಿಲ್ ಪಡೆದು ಬರುತ್ತೇನೆ.